ಕಾಲಂ ಹದಿನೇಳು

ಬೀದರಿನ ಪಾಲಿಕ್ಲಿನಿಕ್ಕಿನ ಎದುರು, ಬೇವಿನ ಕೆಳಗೆ
ಒಂದು ಮಡಚುವ ಮೇಜು, ಎರಡು ಕುರ್ಚಿ, ನನ್ನ ಕನ್ನಡಕ.
ಇಪ್ಪತ್ತು ವರ್ಷ ಪಲ್ಟನ್ನಿನಲ್ಲಿ ಗುಮಾಸ್ತನಾಗಿದ್ದವ,
ಈಗ ಮಾಜಿಗಳ ಅರ್ಜಿ ಬರೆಯುತ್ತೇನೆ.
ಚಹಾ ಕುಡಿಸಿದರೆ ಸಾಕು; ಕುಡಿಸದಿದ್ದರೂ ಬರೆಯುತ್ತೇನೆ.

ಸಾರ್ಜೆಂಟ್ ವಹೀದುದ್ದೀನ್ ಸೋಮವಾರ ಬರುತ್ತಾರೆ,
ಹೈದರಾಬಾದಿಗೆ ಹೋಗುವ ಚೀಟಿ ಹೊಸದು ಮಾಡಿಸಲು.
ಅಲ್ಲಿ ಅವರಿಗೆ ಎರಡು ಬಾಟಲಿ ರಕ್ತ ಏರಿಸುತ್ತಾರೆ.
“ಎಲುಬಿನೊಳಗಿನ ಕಾರ್ಖಾನಿ ಹರತಾಳ ಮಾಡ್ಯಾದ ನೋಡ್ರಿ”
ಅಂತ ನಗುತ್ತಾರೆ. ಒಸಡಿನಲ್ಲಿ ಸಣ್ಣ ಕೆಂಪು.

ಕಾರ್ಡು ಇದೆ. ಔಷಧವೂ ಇದೆ, ಸ್ಟಾಕು ಬಂದ ದಿನ.
ಇಲ್ಲದ್ದು ಒಂದೇ, ಪಿಂಚಣಿ ಅರ್ಜಿಯ ಕಾಲಂ ಹದಿನೇಳಕ್ಕೆ ಉತ್ತರ:
‘ರೋಗಕ್ಕೂ ಸೇವೆಗೂ ಇರುವ ಸಂಬಂಧ, ದಾಖಲೆ ಸಹಿತ.’

ಹೇಳಿ ಅಂದೆ.
ಉತ್ತರದ ಒಂದು ಹ್ಯಾಂಗರು. ವಿಮಾನದ ಹಳೇ ಬಣ್ಣ ತೆಗೆಯುವ ಕೆಲಸ.
ಬ್ರಶ್ಶಿನಿಂದ ಬಳಿದರೆ ಬಣ್ಣ ಉಬ್ಬಿ ಉಬ್ಬಿ
ಹಾಲಿನ ಕೆನೆಯಂತೆ ಸುಕ್ಕಾಗಿ ಬೀಳುತ್ತಿತ್ತು.
ಮೂವರಿಗೆ ಒಂದು ಜೊತೆ ಕೈಗವಸು, ಅದರಲ್ಲಿ ಎಡಗೈಯದು ಹರಿದಿತ್ತು.
ಡ್ಯೂಟಿ ಮುಗಿದ ಮೇಲೆ ಜಿಡ್ಡು ಹೋಗಲೆಂದು
ನೀಲಿ ಡ್ರಮ್ಮಿನ ನೀರಿನಂಥದ್ದರಲ್ಲೇ ಮೊಣಕೈತನಕ ತೊಳೆಯುತ್ತಿದ್ದರು.
“ಸಾಬೂನಿಗಿಂತ ಛಲೋ ಹೋಗ್ತಿತ್ತು. ವಾಸನಿ ಸಿಹಿ,
ಥೇಟ್ ಅತ್ತರಿನಂಗ. ಯಾರಿಗೆ ಗೊತ್ತು?”

ಹಳದಿ ಪ್ರೈಮರ್ ಸಿಂಪಡಿಸಿದ ರಾತ್ರಿ
ಮೂಗು ಸೀನಿದರೆ ಕರ್ಚೀಫು ಹಳದಿ, ತಲೆದಿಂಬು ಹಳದಿ.
ರುಖಿಯಾ ಬಿ ಒಗೆದೂ ಒಗೆದೂ ಸಾಕಾಗಿ,
ಅರಿಶಿನ ಹಚ್ಚಿಕೊಂಡ ಮದುಮಗ ದಿನಾ ಮನೆಗೆ ಬರ್ತಾನ ಅಂತ
ಕ್ವಾರ್ಟರ್ಸಿನ ಹೆಂಗಸರನ್ನು ನಗಿಸುತ್ತಿದ್ದರಂತೆ.

ಡ್ರಮ್ಮಿನ ಮೇಲೆ ಏನು ಬರೆದಿತ್ತು?
“ತಲೆಬುರುಡಿ ಇತ್ತು. ಅಕ್ಷರಾನೂ ಇದ್ವು. ಒಳಗಿಂದು
ಸೋರಿ ಸೋರಿ ಅಕ್ಷರ ತಿಂದುಬಿಟ್ಟಿತ್ತು.”
ಯುನಿಟ್ಟಿಗೆ ಮೂರು ಪತ್ರ ಬರೆದೆ. ಒಂದಕ್ಕೆ ಉತ್ತರ ಬಂತು:
‘ಸದರಿ ರಿಜಿಸ್ಟರುಗಳನ್ನು ಅವಧಿ ಮೀರಿದ ಕಾರಣ
ನಿಯಮಾನುಸಾರ ಸುಡಲಾಗಿದೆ.’

ಆಮೇಲೆ ಮೆಡಿಕಲ್ ಬೋರ್ಡು.
ಊರು? ಬೀದರ್. ತಂದೆಯ ಕಸುಬು? ಬಿದ್ರಿ.
ಮೂವರು ಡಾಕ್ಟರರೂ ಒಮ್ಮೆಲೇ ತಲೆಯೆತ್ತಿದರಂತೆ,
ಕಳೆದ ಕೀಲಿಕೈ ಸಿಕ್ಕವರ ಹಾಗೆ.
ಸತು, ತಾಮ್ರ, ನವಸಾಗರ, ಕುಲುಮೆಯ ಹೊಗೆ...
‘ಕುಟುಂಬದ ಕಸುಬಿನ ಪರಿಣಾಮವಿರಬಹುದು.
ಸೇವೆಯಿಂದ ಉಂಟಾದದ್ದಲ್ಲ,
ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ.’

ಹದಿನೆಂಟಕ್ಕೇ ಮನೆ ಬಿಟ್ಟವರು, ಉಳಿ ಹಿಡಿದವರೇ ಅಲ್ಲ.
ಹಿಡಿದವರು ಅಣ್ಣ ಜಹೀರುದ್ದೀನ್. ಎಪ್ಪತ್ತಾರು ವರ್ಷ.
ಚೌಬಾರದ ಹತ್ತಿರದ ಓಣಿಯಲ್ಲಿ ಇವತ್ತಿಗೂ
ಹೂಜಿಯ ಕೊರಳಿಗೆ ಬೆಳ್ಳಿ ತಂತಿ ಬಡಿಯುತ್ತಾರೆ.
ಈ ಸೋಮವಾರ ಸಾಕ್ಷಿ ಹೇಳಲು ಬಂದರು.
ತಮ್ಮ ಆಟೋದಲ್ಲಿ. ಅಣ್ಣ ನಡೆದು.

“ಕಿಲ್ಲೆದ ಮಣ್ಣು ನಾಲಿಗಿ ಮ್ಯಾಲ ಇಟ್ಟು ನೋಡ್ತೀನ್ರಿ,
ಖಾರ ಅದನೋ ಇಲ್ಲೋ ಅಂತ. ಅರವತ್ತು ವರ್ಷ ಆತು ತಿನ್ಲಿಕ್ಕತ್ತಿ.
ಅದು ಸತು ಕಪ್ಪು ಮಾಡ್ತದ, ಬೆಳ್ಳಿ ಮುಟ್ಟಂಗಿಲ್ಲ.
ನನಗೇನೂ ಆಗಿಲ್ಲ, ಉಗುರು ಬಿಟ್ರ. ಬರಕೋರಿ.”

ಬರೆದುಕೊಂಡೆ, ಅವರು ಹೇಳಿದ ಹಾಗೇ, ನಾಲಿಗೆ ಸಮೇತ.

ಅಷ್ಟರಲ್ಲಿ ತರಬೇತಿ ಹುಡುಗರ ವಿಮಾನವೊಂದು
ಬೇವಿನ ಮೇಲೆ ಹಾದು, ಮೇಜು ಅದುರಿಸಿ ಹೋಯಿತು.
ವಹೀದುದ್ದೀನ್ ಹಣೆಗೆ ಕೈ ಅಡ್ಡ ಹಿಡಿದು
ಅದು ಕಾಣದಾಗುವವರೆಗೆ ನೋಡಿದರು.
“ಹೊಸಾ ಬಣ್ಣ” ಅಂದರು. “ಹಳೇದು ಯಾರು ಕೆರೆದಾರೋ.”

ಸಹಿ ಮಾಡುವಾಗ ಅಣ್ಣನ ಹೆಬ್ಬೆರಳಿನ ಕಪ್ಪು ತಾಗಿ
ಹಾಳೆಯ ಅಂಚು ಮಸಿಯಾಯಿತು.
ಬ್ಯಾರೆ ಹಾಳಿ ಕೊಡ್ರಿ ಅಂದರು, ನಾಚಿ.
ಕಲೆಯಿದ್ದ ಪ್ರತಿ ಸ್ವೀಕರಿಸತಕ್ಕದ್ದಲ್ಲ ಎಂಬ ಸುತ್ತೋಲೆ
ನನ್ನ ಮೇಜಿನ ಗಾಜಿನ ಕೆಳಗೇ ಇದೆ.
ಬೇಡ ಅಂದೆ.
ಅದನ್ನೇ ಟಾಚಣಿ ಚುಚ್ಚಿ ಲಕೋಟೆಗೆ ಹಾಕಿದೆ, ನಾಲ್ಕನೆಯ ಪತ್ರ.

ಚಹಾ ಬಂತು. ದುಡ್ಡು ಯಾರು ಕೊಡಬೇಕೆಂದು
ಅಣ್ಣತಮ್ಮಂದಿರು ಜಗಳ ಶುರುಮಾಡಿದರು.